ಶೀತ ವಿಧಾನದ ಗೃಹ ಸಾಬೂನಿನಲ್ಲಿ ಸುಗಂಧ ತೈಲಗಳ ಬಳಕೆ: ಸಣ್ಣ ಉದ್ಯಮಿಗಳಿಗೊಂದು ಅಧ್ಯಯನ

ಕರ್ನಾಟಕಕ್ಕೂ ಸುಗಂಧ ಸಾಬೂನಿಗೂ ಇರುವ ನಂಟು ಶತಮಾನವನ್ನು ಮೀರಿದ್ದು. ಮೊದಲ ಮಹಾಯುದ್ಧದ ಕಾರಣದಿಂದ ಯೂರೋಪಿಗೆ ರಫ್ತಾಗಬೇಕಿದ್ದ ಶ್ರೀಗಂಧದ ಮರ ಮೈಸೂರು ಸಂಸ್ಥಾನದಲ್ಲಿಯೇ ದಾಸ್ತಾನಾಗಿ ಉಳಿಯಿತು. ಆಗ ಭಾರತೀಯ ವಿಜ್ಞಾನ ಮಂದಿರದ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಅವರು ಎಣ್ಣೆ ಬಟ್ಟಿ ಇಳಿಸುವ ಪ್ರಯೋಗಗಳನ್ನು ನಡೆಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ್ ಹಾಗೂ ದಿವಾನ್ ಸರ್ ಎಂ. ವಿಶ್ವೇಶ್ವರಯ್ಯನವರ ಆಸಕ್ತಿಯ ಫಲವಾಗಿ 1916ರಲ್ಲಿ ಶ್ರೀಗಂಧದ ಎಣ್ಣೆಯ ಉದ್ಯಮವು ರೂಪುಗೊಂಡಿತು. ಮೈಸೂರು ವಾಣಿಜ್ಯ ಮಂಡಳಿ ಹುಟ್ಟಿದ್ದೂ ಅದೇ ವರ್ಷ. 1918ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಆರಂಭವಾಯಿತು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ರಸಾಯನ ತಜ್ಞ ಸೋಸಲೆ ಗರಳಪುರಿ ಶಾಸ್ತ್ರಿಗಳು ಮೈಸೂರು ಸ್ಯಾಂಡಲ್ ಸಾಬೂನನ್ನು ರೂಪಿಸಿದರು. ಈ ಉದ್ಯಮವೇ 1980ರಲ್ಲಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತ ಎಂಬ ಕಂಪನಿಯಾಯಿತು. ಯಶವಂತಪುರದ ಮಗ್ಗುಲಿನಲ್ಲಿರುವ ಅದರ ಕಾರ್ಖಾನೆಯ ಹೆಸರನ್ನೇ ಇಂದು ಅಲ್ಲಿನ ಮೆಟ್ರೋ ನಿಲ್ದಾಣವೂ ಹೊತ್ತಿದೆ.

ಅದೇ ಉತ್ತರ ಬೆಂಗಳೂರಿನ ಜಕ್ಕೂರು, ಯಲಹಂಕ, ಹೆಬ್ಬಾಳ ಪ್ರದೇಶಗಳಂತಹ ಬಡಾವಣೆಗಳಲ್ಲಿ ಮನೆಯಲ್ಲಿಯೇ ಸಾಬೂನು ತಯಾರಿಸುವುದು ಹವ್ಯಾಸವಾಗಿ ಆರಂಭವಾಗಿ, ಕ್ರಮೇಣ ಆದಾಯದ ಮಾರ್ಗವಾಗಿಯೂ ಪರಿಣಮಿಸಬಲ್ಲದು. ಇದಕ್ಕೆ ಬೇಕಾದ ಬಂಡವಾಳ ಅಲ್ಪ, ಸಾಧನಗಳು ಸರಳ. ಆದರೆ ಹೊಸಬರ ಬಹುತೇಕ ನಷ್ಟಗಳು ಸಂಭವಿಸುವುದು ಸುಗಂಧ ತೈಲವನ್ನು ಸೇರಿಸುವ ಆ ಎರಡು ನಿಮಿಷಗಳಲ್ಲಿ. ಆ ಘಟ್ಟದ ರಸಾಯನ, ಲೆಕ್ಕಾಚಾರ, ಪರೀಕ್ಷೆ ಮತ್ತು ಕಾನೂನಿನ ಅಂಶಗಳನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ.

ಕಾರ್ಖಾನೆಯ ವಿಧಾನಕ್ಕೂ ಶೀತ ವಿಧಾನಕ್ಕೂ ಇರುವ ವ್ಯತ್ಯಾಸ

ಎಣ್ಣೆ ಅಥವಾ ಕೊಬ್ಬು ಕಾಸ್ಟಿಕ್ ಸೋಡಾದೊಡನೆ ವರ್ತಿಸಿ ಸಾಬೂನು ಹಾಗೂ ಗ್ಲಿಸರಿನ್ ಆಗುವ ಕ್ರಿಯೆಗೆ ಸಾಬೂನೀಕರಣವೆಂದು ಹೆಸರು. ದೊಡ್ಡ ಕಾರ್ಖಾನೆಗಳಲ್ಲಿ ಈ ಕ್ರಿಯೆಯನ್ನು ಮೊದಲು ಪೂರ್ಣಗೊಳಿಸಿ, ಸಾಬೂನನ್ನು ಒಣಗಿಸಿ, ಶ್ಯಾವಿಗೆಯಂತಹ ಎಳೆಗಳನ್ನಾಗಿ ಮಾಡಿಕೊಳ್ಳುತ್ತಾರೆ. ಸುಗಂಧವನ್ನು ಸೇರಿಸುವುದು ಆ ನಂತರ. ಆದುದರಿಂದ ಅಲ್ಲಿ ಸುಗಂಧವು ತೀಕ್ಷ್ಣ ಕ್ಷಾರವನ್ನು ಎದುರಿಸುವ ಪ್ರಮೇಯವೇ ಬರುವುದಿಲ್ಲ.

ಶೀತ ವಿಧಾನದಲ್ಲಿ ಪರಿಸ್ಥಿತಿ ಬೇರೆ. ಇಲ್ಲಿ ಎಣ್ಣೆಗಳನ್ನೂ ಕ್ಷಾರ ದ್ರಾವಣವನ್ನೂ ಸುಮಾರು 35ರಿಂದ 45 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬೆರೆಸಿ, ಮಿಶ್ರಣವು ತೆಳುವಾದ ಗಂಜಿಯ ಹದಕ್ಕೆ ಬಂದಾಗ ಸುಗಂಧವನ್ನು ಸೇರಿಸಿ ಅಚ್ಚಿಗೆ ಸುರಿಯುತ್ತಾರೆ. ಈ ಹದಕ್ಕೆ ಟ್ರೇಸ್ ಎಂದು ಹೆಸರು. ಆ ಕ್ಷಣದಲ್ಲಿ ಕ್ಷಾರದ ಬಹುಭಾಗ ಇನ್ನೂ ಕ್ರಿಯಾಶೀಲವಾಗಿಯೇ ಇರುತ್ತದೆ. ಮುಂದಿನ ಒಂದೆರಡು ದಿನಗಳ ಕಾಲ ಸಾಬೂನೀಕರಣ ಅಚ್ಚಿನೊಳಗೇ ಮುಂದುವರಿಯುತ್ತದೆ. ಅಷ್ಟೂ ಹೊತ್ತು ಸುಗಂಧದ ಅಣುಗಳು ಕ್ಷಾರ ಮತ್ತು ಶಾಖಗಳೆರಡನ್ನೂ ತಾಳಿಕೊಳ್ಳಬೇಕು. ಮೇಣದಬತ್ತಿಯಲ್ಲಿಯೋ ಕೋಣೆಯ ಪರಿಮಳದಲ್ಲಿಯೋ ಸೊಗಸಾಗಿರುವ ತೈಲವು ಸಾಬೂನಿನಲ್ಲಿ ಕೈಕೊಡಲು ಇದೇ ಮುಖ್ಯ ಕಾರಣ.

ಸುಗಂಧದ ಘಟಕಗಳ ಸ್ವಭಾವ

ಮಾರುಕಟ್ಟೆಯಲ್ಲಿ ಫ್ರೇಗ್ರೆನ್ಸ್ ಆಯಿಲ್ ಎಂದು ದೊರೆಯುವುದು ಹತ್ತಾರು ಕೃತಕ ಹಾಗೂ ನೈಸರ್ಗಿಕ ಘಟಕಗಳ ಮಿಶ್ರಣ. ಗಿಡಮರಗಳಿಂದ ಬಟ್ಟಿ ಇಳಿಸಿದ ಎಸೆನ್ಷಿಯಲ್ ಆಯಿಲ್ ಬೇರೆಯದೇ ವಸ್ತು. ಆದರೆ ಕ್ಷಾರದ ಎದುರು ಎರಡರ ವರ್ತನೆಯನ್ನೂ ನಿರ್ಧರಿಸುವುದು ಅವುಗಳಲ್ಲಿರುವ ರಾಸಾಯನಿಕ ಗುಂಪುಗಳೇ.

ಆಲ್ಕೋಹಾಲ್ ಗುಂಪಿನ ಘಟಕಗಳು ಸಾಮಾನ್ಯವಾಗಿ ಕ್ಷಾರಕ್ಕೆ ಜಗ್ಗುವುದಿಲ್ಲ. ಶ್ರೀಗಂಧದ ಎಣ್ಣೆಯ ಪ್ರಧಾನ ಘಟಕವಾದ ಸ್ಯಾಂಟಲಾಲ್ ಈ ಗುಂಪಿನದು, ಮೇಲಾಗಿ ಬೇಗನೆ ಆವಿಯಾಗದಷ್ಟು ಭಾರವಾದ ಅಣು. ಶ್ರೀಗಂಧವು ಸಾಬೂನಿಗೆ ಇಷ್ಟು ಚೆನ್ನಾಗಿ ಒಗ್ಗಿರುವುದರ ಹಿಂದೆ ಈ ಗುಣವಿದೆ. ಪಚೌಲಿ, ಲಾವಂಚ ಮತ್ತು ಪಾಮರೋಸಾ ತೈಲಗಳೂ ಇದೇ ಕಾರಣದಿಂದ ಸಾಬೂನಿನಲ್ಲಿ ಬಾಳಿಕೆ ಬರುತ್ತವೆ.

ಎಸ್ಟರ್‌ಗಳು ಇದಕ್ಕೆ ವಿರುದ್ಧ. ಎಣ್ಣೆಯೂ ಒಂದು ಎಸ್ಟರೇ ಆಗಿರುವುದರಿಂದ, ಎಣ್ಣೆಯನ್ನು ಒಡೆಯುವ ಕ್ಷಾರವು ಸುಗಂಧದ ಎಸ್ಟರನ್ನೂ ಒಡೆಯಬಲ್ಲದು. ಲ್ಯಾವೆಂಡರಿನ ಲಿನಲೈಲ್ ಅಸಿಟೇಟ್, ಮಲ್ಲಿಗೆಯ ಬೆಂಜೈಲ್ ಅಸಿಟೇಟ್ ಮುಂತಾದವು ಹೀಗೆ ಸ್ವಲ್ಪ ಸ್ವಲ್ಪವಾಗಿ ನಾಶವಾಗುತ್ತವೆ. ಮಲ್ಲಿಗೆ ಸಾಬೂನು ಒಂದು ತಿಂಗಳಲ್ಲಿ ತನ್ನ ಹೂವಿನ ಸೊಬಗನ್ನು ಕಳೆದುಕೊಂಡು ಬರಿಯ ಸಿಹಿವಾಸನೆಯಾಗಿ ಉಳಿಯುವುದು ಈ ಕಾರಣದಿಂದ.

ಆಲ್ಡಿಹೈಡ್‌ಗಳು ಬಣ್ಣ ಬದಲಿಸುವ ಗುಂಪು. ವೆನಿಲಾದ ವೆನಿಲಿನ್ ಇರುವ ಯಾವುದೇ ತೈಲವು ಬಿಳಿಯ ಸಾಬೂನನ್ನು ಕೆನೆಬಣ್ಣದಿಂದ ಹಿಡಿದು ಕಾಫಿಪುಡಿಯ ಬಣ್ಣದವರೆಗೆ ಕಂದಾಗಿಸುತ್ತದೆ. ವೆನಿಲಿನ್ ಪ್ರಮಾಣ ಹೆಚ್ಚಿದಷ್ಟೂ ಬಣ್ಣ ಗಾಢವಾಗುತ್ತದೆ. ಇದು ಸಾಬೂನಿನ ದೋಷವಲ್ಲ, ಆದರೆ ಬಿಳಿ ಬಿಲ್ಲೆಯನ್ನು ಕೇಳಿದ ಗ್ರಾಹಕನಿಗೆ ಆ ವಿವರಣೆ ಸಮಾಧಾನ ನೀಡಲಾರದು. ನಿಂಬೆಹುಲ್ಲಿನ ಸಿಟ್ರಾಲ್ ಕೂಡ ಆಲ್ಡಿಹೈಡ್ ಗುಂಪಿನದು.

ಫೀನಾಲ್ ಗುಂಪಿನ ಯೂಜಿನಾಲ್ ಲವಂಗದಲ್ಲಿ ಹೇರಳವಾಗಿದೆ. ಅದು ಕ್ಷಾರದೊಡನೆ ನೇರವಾಗಿ ವರ್ತಿಸುತ್ತದೆ ಮತ್ತು ಮಿಶ್ರಣವನ್ನು ಕೆಲವೇ ಕ್ಷಣಗಳಲ್ಲಿ ಗಟ್ಟಿಯಾಗಿಸಬಲ್ಲದು. ಮಸಾಲೆ ವಾಸನೆಯ ತೈಲಗಳಲ್ಲಿಯೂ ಹಲವು ಹೂವಿನ ವಾಸನೆಯ ತೈಲಗಳಲ್ಲಿಯೂ ಈ ಎಚ್ಚರ ಅಗತ್ಯ. ಕಿತ್ತಳೆ ಸಿಪ್ಪೆಯ ಲಿಮೊನೀನ್‌ನಂತಹ ಹಗುರ ಘಟಕಗಳು ಕ್ಷಾರದಿಂದ ಕೆಡುವುದಕ್ಕಿಂತ ಹೆಚ್ಚಾಗಿ ಗಾಳಿಗೆ ಆವಿಯಾಗಿ ಹೋಗುತ್ತವೆ.

ಖರೀದಿಸುವಾಗ ಗಮನಿಸಬೇಕಾದುದು

ಬೆಂಗಳೂರು ಮತ್ತು ಮೈಸೂರು ಅಗರಬತ್ತಿ ಉದ್ಯಮದ ಕೇಂದ್ರಗಳಾದುದರಿಂದ ಇಲ್ಲಿ ಸುಗಂಧ ದ್ರವ್ಯಗಳು ಸುಲಭವಾಗಿ ದೊರೆಯುತ್ತವೆ. ಅನುಕೂಲದ ಬೆನ್ನಿಗೇ ಅಪಾಯವೂ ಇದೆ. ಅಗರಬತ್ತಿಗಾಗಿ ರೂಪಿಸಿದ ದ್ರವ್ಯವು ಉರಿಯುವುದಕ್ಕಾಗಿ ಇರುವಂಥದ್ದು; ಚರ್ಮದ ಮೇಲೆ ಬಳಸಲು ಅದನ್ನು ಪರೀಕ್ಷಿಸಿರುವುದಿಲ್ಲ. ಅದಕ್ಕೆ ಬೆರೆಸುವ ದ್ರಾವಕಗಳೂ ಸಾಬೂನಿಗೆ ಸೂಕ್ತವಾಗಿರಬೇಕೆಂದಿಲ್ಲ. ಬೆಲೆ ಕಡಿಮೆಯೆಂದು ಅಂತಹ ದ್ರವ್ಯವನ್ನು ಸಾಬೂನಿಗೆ ಹಾಕುವುದು ಗ್ರಾಹಕರ ಚರ್ಮವನ್ನು ಪಣಕ್ಕಿಟ್ಟಂತೆ.

ಮಾರಾಟಗಾರರಿಂದ ಮೂರು ದಾಖಲೆಗಳನ್ನು ಕೇಳಿ ಪಡೆಯಬೇಕು: ಸುರಕ್ಷತಾ ಮಾಹಿತಿ ಪತ್ರ, ಅಲರ್ಜಿಕಾರಕಗಳ ಪಟ್ಟಿ, ಮತ್ತು ಇಫ್ರಾ ಪ್ರಮಾಣಪತ್ರ. 1973ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಸುಗಂಧ ಸಂಘವೇ ಇಫ್ರಾ. ಅದು ಉತ್ಪನ್ನಗಳನ್ನು ವರ್ಗಗಳಾಗಿ ವಿಂಗಡಿಸಿ, ಪ್ರತಿ ವರ್ಗದಲ್ಲಿ ಸುಗಂಧದ ಗರಿಷ್ಠ ಮಿತಿಯನ್ನು ಸೂಚಿಸುತ್ತದೆ. ತೊಳೆದುಹೋಗುವ ಬಿಲ್ಲೆ ಸಾಬೂನು 9ನೆಯ ವರ್ಗಕ್ಕೆ ಸೇರುತ್ತದೆ. ಹಳೆಯ ಪ್ರಮಾಣಪತ್ರಗಳನ್ನು ನಂಬಿ ಕುಳಿತುಕೊಳ್ಳಬಾರದು. ಲಿಲಿಯಾಲ್ ಎಂಬ ಬಹುಬಳಕೆಯ ಹೂಗಂಧದ ಘಟಕವನ್ನು ಯೂರೋಪಿಯನ್ ಒಕ್ಕೂಟವು 2022ರ ಮಾರ್ಚ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿತು. ಮುಂದೊಂದು ದಿನ ರಫ್ತಿನ ಕನಸಿರುವವರಿಗೆ ಇಂತಹ ಬದಲಾವಣೆಗಳ ಅರಿವು ಅತ್ಯವಶ್ಯ.

ಫ್ಲ್ಯಾಶ್ ಪಾಯಿಂಟ್ ಕುರಿತು ಒಂದು ತಪ್ಪು ಕಲ್ಪನೆ ವ್ಯಾಪಕವಾಗಿದೆ. ಮಿಶ್ರಣದ ಉಷ್ಣತೆ ಆ ಅಂಕಿಯನ್ನು ದಾಟಿದರೆ ವಾಸನೆ ಹಾರಿಹೋಗುತ್ತದೆಂದು ಹಲವರು ನಂಬುತ್ತಾರೆ. ವಾಸ್ತವದಲ್ಲಿ ಅದು ತೈಲದ ಆವಿಯು ಕಿಡಿ ತಗುಲಿದರೆ ಹೊತ್ತಿಕೊಳ್ಳಬಲ್ಲ ಉಷ್ಣತೆ. ಸಾಗಣೆ ಮತ್ತು ದಾಸ್ತಾನಿನ ಸುರಕ್ಷತೆಗೆ ಅದು ಮುಖ್ಯ. ಸಾಬೂನಿನಲ್ಲಿ ವಾಸನೆಯ ಬಾಳಿಕೆಯನ್ನು ಅದರಿಂದ ಅಳೆಯಲಾಗದು.

ಪ್ರಮಾಣದ ಲೆಕ್ಕ: ಒಂದು ಮಾದರಿ

ಜಕ್ಕೂರಿನ ಒಂದು ಮನೆಯಲ್ಲಿ ಒಂದು ಕಿಲೋಗ್ರಾಂ ಎಣ್ಣೆಯ ತಯಾರಿ ನಡೆಯುತ್ತಿದೆಯೆಂದು ಭಾವಿಸೋಣ. ತೆಂಗಿನೆಣ್ಣೆ 350 ಗ್ರಾಂ, ಅಕ್ಕಿತೌಡಿನ ಎಣ್ಣೆ 300 ಗ್ರಾಂ, ತಾಳೆ ಎಣ್ಣೆ 250 ಗ್ರಾಂ, ಹರಳೆಣ್ಣೆ 100 ಗ್ರಾಂ. ಪ್ರತಿ ಗ್ರಾಂ ಎಣ್ಣೆಗೆ ಬೇಕಾಗುವ ಕಾಸ್ಟಿಕ್ ಸೋಡಾ ಕ್ರಮವಾಗಿ 0.183, 0.133, 0.141 ಮತ್ತು 0.128 ಗ್ರಾಂ. ಗುಣಿಸಿ ಕೂಡಿದರೆ ಒಟ್ಟು 152 ಗ್ರಾಂ ಆಗುತ್ತದೆ. ಚರ್ಮದ ಹಿತಕ್ಕಾಗಿ ಶೇ. 5ರಷ್ಟು ಎಣ್ಣೆಯನ್ನು ಸಾಬೂನಾಗದಂತೆ ಉಳಿಸಿಕೊಳ್ಳಬೇಕಾದುದರಿಂದ 144 ಗ್ರಾಂ ಸಾಕು. ನೀರು ಅದರ ಎರಡರಷ್ಟು, ಅಂದರೆ ಸುಮಾರು 290 ಗ್ರಾಂ.

ಸುಗಂಧವನ್ನು ಎಣ್ಣೆಯ ತೂಕದ ಶೇ. 3ರಂತೆ ಹಾಕುವುದು ಸಾಮಾನ್ಯ ರೂಢಿ. ಇಲ್ಲಿ ಅದು 30 ಗ್ರಾಂ. ಆದರೆ ಇಫ್ರಾ ಮಿತಿಯು ಎಣ್ಣೆಯ ಮೇಲಿನ ಶೇಕಡಾವಾರು ಅಲ್ಲ, ಸಿದ್ಧ ಸಾಬೂನಿನ ಮೇಲಿನ ಶೇಕಡಾವಾರು. ಇಲ್ಲಿಯೇ ಹಲವರು ಎಡವುತ್ತಾರೆ. ಮೇಲಿನ ಮಿಶ್ರಣದ ಒಟ್ಟು ತೂಕ 1,464 ಗ್ರಾಂ. ಹದಗೊಳ್ಳುವ ವಾರಗಳಲ್ಲಿ 150 ಗ್ರಾಂ ನೀರು ಆರಿಹೋಯಿತೆಂದರೆ ಉಳಿಯುವುದು 1,314 ಗ್ರಾಂ. ಅದರಲ್ಲಿ 30 ಗ್ರಾಂ ಎಂದರೆ ಶೇ. 2.3ರಷ್ಟು. ಪ್ರಮಾಣಪತ್ರವು 9ನೆಯ ವರ್ಗಕ್ಕೆ ಶೇ. 1.5ರ ಮಿತಿಯನ್ನು ವಿಧಿಸಿದ್ದರೆ ಈ ತಯಾರಿ ಮಿತಿಯನ್ನು ಮೀರಿದಂತಾಯಿತು. ಆಗ 19 ಗ್ರಾಂಗಿಂತ ಹೆಚ್ಚು ಸುಗಂಧವನ್ನು ಸೇರಿಸುವಂತಿಲ್ಲ.

ವಾಣಿಜ್ಯ ದೃಷ್ಟಿಯಿಂದಲೂ ಈ ಲೆಕ್ಕ ಮುಖ್ಯ. ತೈಲದ ಬೆಲೆ ಕಿಲೋಗ್ರಾಂಗೆ 3,000 ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, 30 ಗ್ರಾಂಗೆ 90 ರೂಪಾಯಿ. ನೂರು ಗ್ರಾಂನ 13 ಬಿಲ್ಲೆಗಳಿಗೆ ಹಂಚಿದಾಗ ಬಿಲ್ಲೆಯೊಂದಕ್ಕೆ ಸುಮಾರು 7 ರೂಪಾಯಿ ಸುಗಂಧಕ್ಕೇ ತಗಲುತ್ತದೆ. ಹೆಚ್ಚು ಹಾಕಿದರೆ ವಾಸನೆ ಹೆಚ್ಚೀತೆಂಬ ಭ್ರಮೆಯು ಸುರಕ್ಷತೆಗೂ ಲಾಭಕ್ಕೂ ಒಟ್ಟಿಗೇ ಹೊಡೆತ. ಸುಗಂಧವನ್ನು ಚಮಚ ಅಥವಾ ಹನಿಗಳ ಲೆಕ್ಕದಲ್ಲಿ ಅಳೆಯದೆ, ಗ್ರಾಂ ತಕ್ಕಡಿಯಲ್ಲಿಯೇ ತೂಗಬೇಕು.

ಸೇರಿಸುವ ಕ್ರಮ

1. ಕೈಗವಸು, ಕಣ್ಣಿನ ರಕ್ಷಣೆ ಮತ್ತು ಗಾಳಿಯಾಡುವ ಸ್ಥಳ ಕಡ್ಡಾಯ. ಕಾಸ್ಟಿಕ್ ಸೋಡಾವನ್ನು ನೀರಿಗೆ ಸೇರಿಸಬೇಕೇ ಹೊರತು ನೀರನ್ನು ಸೋಡಾದ ಮೇಲೆ ಎಂದಿಗೂ ಸುರಿಯಬಾರದು. ಅಲ್ಯೂಮಿನಿಯಂ ಪಾತ್ರೆ ವರ್ಜ್ಯ. ಕ್ಷಾರವು ಅದನ್ನು ತಿಂದು ಹೈಡ್ರೋಜನ್ ಅನಿಲವನ್ನು ಹೊರಹಾಕುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆ ಸೂಕ್ತ. ಕ್ಷಾರ ಮೈಮೇಲೆ ಬಿದ್ದರೆ ಧಾರಾಳವಾಗಿ ನೀರಿನಿಂದ ತೊಳೆಯಬೇಕು.

2. ಹೊಸ ತೈಲದ ಮೊದಲ ಪ್ರಯೋಗದಲ್ಲಿ ಎಣ್ಣೆ ಮತ್ತು ಕ್ಷಾರ ದ್ರಾವಣಗಳೆರಡೂ 35ರಿಂದ 40 ಡಿಗ್ರಿಯ ಒಳಗಿರಲಿ. ನೀರನ್ನು ಕಡಿತಗೊಳಿಸಬಾರದು. ಚಳಿಗಾಲದ ರಾತ್ರಿಗಳಲ್ಲಿ ಬೆಂಗಳೂರಿನ ತೆಂಗಿನೆಣ್ಣೆ ಹೆಪ್ಪುಗಟ್ಟುವುದರಿಂದ, ಅದನ್ನು ಪೂರ್ತಿಯಾಗಿ ಕರಗಿಸಿಕೊಂಡೇ ಕೆಲಸಕ್ಕೆ ಇಳಿಯಬೇಕು.

3. ವಿದ್ಯುತ್ ಕಡೆಗೋಲನ್ನು ಬಳಸಿ ಮಿಶ್ರಣವು ಒಂದಾಗುವವರೆಗೆ ಮಾತ್ರ ಕಡೆಯಬೇಕು. ಟ್ರೇಸ್ ತೆಳುವಾಗಿರುವಾಗಲೇ ಸುಗಂಧವನ್ನು ಸೇರಿಸಿ, ಅಲ್ಲಿಂದ ಮುಂದೆ ಕೈಯಿಂದಲೇ ಕಲಕಬೇಕು.

4. ತೈಲದ ಸ್ವಭಾವ ಗೊತ್ತಿಲ್ಲದಿದ್ದರೆ, ಅದನ್ನು ಮೊದಲೇ ಅಕ್ಕಿತೌಡಿನ ಎಣ್ಣೆಯ ಒಂದು ಪಾಲಿನಲ್ಲಿ ಬೆರೆಸಿಟ್ಟುಕೊಂಡರೆ ಮಿಶ್ರಣಕ್ಕೆ ಸಮನಾಗಿ ಹರಡುತ್ತದೆ.

5. ಅಚ್ಚು ಸಿದ್ಧವಾಗಿ ಪಕ್ಕದಲ್ಲಿರಲಿ. ಸುಗಂಧ ಸೇರಿಸಿದ ಮೇಲೆ ಅಚ್ಚನ್ನು ಹುಡುಕುವಷ್ಟು ಸಮಯ ದೊರೆಯದು.

ಕಂಡುಬರುವ ತೊಂದರೆಗಳು ಮತ್ತು ಪರಿಹಾರ

ಏಕಾಏಕಿ ಗಟ್ಟಿಯಾಗುವುದು: ಮಿಶ್ರಣವು ಪಾತ್ರೆಯಲ್ಲಿಯೇ ಮುದ್ದೆಗಟ್ಟಿದರೆ ಎಸೆಯಬೇಕಾದ ಅಗತ್ಯವಿಲ್ಲ. ಪಾತ್ರೆಯನ್ನು ಸಣ್ಣ ಉರಿಯ ಮೇಲೆ, ನೀರಿನ ಪಾತ್ರೆಯೊಳಗಿಟ್ಟು, ಸಾಬೂನೀಕರಣ ಪೂರ್ಣವಾಗುವವರೆಗೆ ಬೇಯಿಸಿ ಅಚ್ಚಿಗೆ ಒತ್ತಬಹುದು. ನುಣುಪು ಕಡಿಮೆಯಾದರೂ ಸಾಬೂನು ಉಪಯೋಗಕ್ಕೆ ಬರುತ್ತದೆ.

ಅಕ್ಕಿಕಾಳಿನಂತಾಗುವುದು: ಸಣ್ಣ ಸಣ್ಣ ಗಟ್ಟಿ ಕಾಳುಗಳು ಕಾಣಿಸಿಕೊಂಡರೆ ಕಡೆಗೋಲಿನಿಂದ ಮತ್ತೊಮ್ಮೆ ಚೆನ್ನಾಗಿ ಕಡೆದು ಸರಿಪಡಿಸಬಹುದು. ಆದರೆ ಹೀಗೆ ಕಡೆದಾಗ ಮಿಶ್ರಣ ಬೇಗ ಗಟ್ಟಿಯಾಗುವುದರಿಂದ ವಿಳಂಬವಿಲ್ಲದೆ ಅಚ್ಚಿಗೆ ಸುರಿಯಬೇಕು.

ಬೇರ್ಪಡುವುದು: ಎಣ್ಣೆ ಮೇಲೆ ತೇಲಿ, ಕೆಳಗೆ ಕ್ಷಾರ ಉಳಿದಿದ್ದರೆ ಅದು ನಿಜವಾದ ಅಪಾಯ. ಅಂತಹ ಬಿಲ್ಲೆಯೊಳಗೆ ಕ್ಷಾರದ ಗುಳಿಗಳು ಅಡಗಿರಬಹುದು. ಬೇಯಿಸಿ ಒಂದಾಗಿಸಿದ ಮೇಲೆ, ಪರೀಕ್ಷೆ ಮಾಡದೆ ಯಾರಿಗೂ ಕೊಡಬಾರದು. ಒಳ್ಳೆಯ ಸಾಬೂನಿನ ಪಿಎಚ್ ಸಾಮಾನ್ಯವಾಗಿ 9ರಿಂದ 10.5ರವರೆಗೆ ಇರುತ್ತದೆ. ಫಿನಾಲ್ಫ್ತಲೀನ್ ಹನಿ ಬಿದ್ದೆಡೆ ಕಡುಗುಲಾಬಿ ಬಣ್ಣ ಕಾಣಿಸಿದರೆ ಕ್ಷಾರ ಉಳಿದಿದೆಯೆಂಬ ಅನುಮಾನಕ್ಕೆ ಕಾರಣವಿದೆ.

ಬಣ್ಣಗೆಡುವುದು: ವೆನಿಲಿನ್ ಇರುವ ತೈಲವೆಂದು ತಿಳಿದಿದ್ದರೆ ಕಂದು ಬಣ್ಣವನ್ನೇ ವಿನ್ಯಾಸದ ಭಾಗವಾಗಿಸುವುದು ಜಾಣತನ. ಮಿಶ್ರಣದ ಅರ್ಧಕ್ಕೆ ಮಾತ್ರ ಸುಗಂಧ ಸೇರಿಸಿದರೆ ಎರಡು ಬಣ್ಣದ ಬಿಲ್ಲೆ ದೊರೆಯುತ್ತದೆ. ಆದರೆ ಕಾಲಕ್ರಮದಲ್ಲಿ ಕಂದು ಬಣ್ಣ ಪಕ್ಕದ ಪದರಕ್ಕೂ ಹರಡಬಹುದು.

ಬೆವರುವುದು: ಮಳೆಗಾಲದ ತೇವಾಂಶದಲ್ಲಿ ಸಾಬೂನಿನ ಗ್ಲಿಸರಿನ್ ಗಾಳಿಯ ನೀರನ್ನು ಹೀರಿಕೊಂಡು ಬಿಲ್ಲೆಯ ಮೇಲೆ ಹನಿಗಟ್ಟುತ್ತದೆ. ಇದು ಸುಗಂಧದ ದೋಷವಲ್ಲ. ಗಾಳಿಯಾಡುವ ಕಪಾಟು ಮತ್ತು ಬಿಲ್ಲೆಗಳ ನಡುವೆ ಅಂತರವಿದ್ದರೆ ಸಾಕು. ಬೇರೆ ಬೇರೆ ಪರಿಮಳದ ಬಿಲ್ಲೆಗಳನ್ನು ಒಂದೇ ಡಬ್ಬಿಯಲ್ಲಿ ಇಡಬಾರದು.

ಪರೀಕ್ಷಾ ತಯಾರಿ ಮತ್ತು ದಾಖಲೆ ಪುಸ್ತಕ

ಯಾವುದೇ ಹೊಸ ತೈಲವನ್ನು ದೊಡ್ಡ ತಯಾರಿಗೆ ನೇರವಾಗಿ ಇಳಿಸಬಾರದು. ಮೇಲಿನ ಲೆಕ್ಕದ ಕಾಲು ಭಾಗ, ಅಂದರೆ 250 ಗ್ರಾಂ ಎಣ್ಣೆ, 36 ಗ್ರಾಂ ಕಾಸ್ಟಿಕ್ ಸೋಡಾ, 72 ಗ್ರಾಂ ನೀರು ಮತ್ತು ಮಿತಿಗೆ ಒಳಪಟ್ಟ ಸುಗಂಧದೊಡನೆ ಪರೀಕ್ಷಿಸಬೇಕು. ಅದೇ ಮಿಶ್ರಣದ ಸ್ವಲ್ಪ ಭಾಗವನ್ನು ಸುಗಂಧವಿಲ್ಲದೆ ಪ್ರತ್ಯೇಕವಾಗಿ ಸುರಿದಿಟ್ಟರೆ ಹೋಲಿಕೆಗೆ ಆಧಾರ ಸಿಗುತ್ತದೆ. ತಯಾರಿಯ ದಿನಾಂಕ, ತೈಲದ ಬ್ಯಾಚ್ ಸಂಖ್ಯೆ, ಉಷ್ಣತೆ, ಗಟ್ಟಿಯಾಗಲು ತೆಗೆದುಕೊಂಡ ಸಮಯ, ಮತ್ತು 1, 7, 28ನೆಯ ದಿನಗಳ ಬಣ್ಣ ಹಾಗೂ ವಾಸನೆಯನ್ನು ಪುಸ್ತಕದಲ್ಲಿ ಬರೆದಿಡಬೇಕು. ನಾಲ್ಕು ವಾರಗಳ ಹದಗೊಳ್ಳುವಿಕೆಯ ನಂತರ ಉಳಿದ ಪರಿಮಳವೇ ಗ್ರಾಹಕನು ಹಣ ಕೊಟ್ಟು ಕೊಳ್ಳುವ ಪರಿಮಳ. ಮದುವೆಯ ಉಡುಗೊರೆಗೆಂದು ನೂರು ಬಿಲ್ಲೆಗಳ ಬೇಡಿಕೆ ಬಂದಾಗ, ಪರೀಕ್ಷೆಯಿಲ್ಲದೆ ಹೊಸ ತೈಲವನ್ನು ಬಳಸಿ ತಯಾರಿ ಕೆಟ್ಟರೆ, ಮತ್ತೆ ನಾಲ್ಕು ವಾರ ಕಾಯಲು ಮುಹೂರ್ತ ಒಪ್ಪುವುದಿಲ್ಲ.

ಜಕ್ಕೂರಿನ ಸುತ್ತಮುತ್ತಲಿನವರಿಗೆ ಒಂದು ಅನುಕೂಲವಿದೆ. ಸಿಮ್ಯಾಪ್ ಎಂದು ಪರಿಚಿತವಾದ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯ ಸಂಸ್ಥೆಯ ಬೆಂಗಳೂರು ಸಂಶೋಧನಾ ಕೇಂದ್ರವು ಸಮೀಪದ ಅಳ್ಳಾಲಸಂದ್ರದಲ್ಲಿಯೇ ಇದೆ. ಸುಗಂಧ ಸಸ್ಯಗಳ ಕೃಷಿ ಹಾಗೂ ತೈಲಗಳ ವಿಷಯದಲ್ಲಿ ತಿಳಿವಳಿಕೆ ಪಡೆಯಬಯಸುವವರು ಆ ಕೇಂದ್ರದತ್ತ ಗಮನ ಹರಿಸಬಹುದು.

ಮಾರಾಟಕ್ಕೆ ಮುನ್ನ ತಿಳಿಯಬೇಕಾದ ಕಾನೂನು

ತಮ್ಮ ಬಳಕೆಗಾಗಿ ಸಾಬೂನು ತಯಾರಿಸುವುದು ಒಂದು ಮಾತು. ಮಾರಾಟಕ್ಕಾಗಿ ತಯಾರಿಸುವುದು ಇನ್ನೊಂದು ಮಾತು. ಸ್ನಾನದ ಸಾಬೂನು ಕಾನೂನಿನ ಪ್ರಕಾರ ಸೌಂದರ್ಯವರ್ಧಕ. 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಅಧಿನಿಯಮ ಹಾಗೂ 2020ರ ಸೌಂದರ್ಯವರ್ಧಕ ನಿಯಮಗಳಂತೆ ಅದರ ತಯಾರಿಕೆಗೆ ರಾಜ್ಯದ ಪರವಾನಗಿ ಪ್ರಾಧಿಕಾರದಿಂದ ಅನುಮತಿ ಬೇಕು. ನಮೂನೆ ಕಾಸ್-5ರಲ್ಲಿ ಅರ್ಜಿ ಸಲ್ಲಿಸಿ ಕಾಸ್-8ರಲ್ಲಿ ಪರವಾನಗಿ ಪಡೆಯಬೇಕಾಗುತ್ತದೆ. ತಯಾರಿಕಾ ಸ್ಥಳವು ವಾಸದ ಮನೆಯಿಂದ ಪ್ರತ್ಯೇಕವಾಗಿರಬೇಕು. ಅರ್ಹತೆಯುಳ್ಳ ತಾಂತ್ರಿಕ ಸಿಬ್ಬಂದಿಯ ಮೇಲ್ವಿಚಾರಣೆಯೂ ಇರಬೇಕು. ಅಡುಗೆಮನೆಯ ಮೂಲೆಯಲ್ಲಿ ತಯಾರಿಸಿದ ಬಿಲ್ಲೆಯನ್ನು, ಅದು ಎಷ್ಟೇ ಉತ್ತಮವಾಗಿದ್ದರೂ, ಅಂಗಡಿಗೆ ಹಾಕುವಂತಿಲ್ಲ ಎಂಬುದನ್ನು ಅನೇಕರು ತಡವಾಗಿ ಅರಿಯುತ್ತಾರೆ.

ಸ್ವಂತ ಘಟಕ ಸ್ಥಾಪಿಸುವ ಶಕ್ತಿಯಿಲ್ಲದವರಿಗೆ ಸಾಲ ಪರವಾನಗಿ ಎಂಬ ಮಾರ್ಗವಿದೆ. ಇದರಂತೆ, ಈಗಾಗಲೇ ಪರವಾನಗಿ ಹೊಂದಿರುವ ಬೇರೊಬ್ಬರ ಘಟಕದಲ್ಲಿ ತಮ್ಮ ಸಾಬೂನನ್ನು ತಯಾರಿಸಬಹುದು. ಅದಕ್ಕೆ ಕಾಸ್-6ರಲ್ಲಿ ಅರ್ಜಿ, ಕಾಸ್-9ರಲ್ಲಿ ಪರವಾನಗಿ. ಕೆಲವು ಗೃಹೋದ್ಯಮಿಗಳು ಒಟ್ಟುಗೂಡಿ ಒಂದು ಘಟಕವನ್ನು ನಡೆಸುವುದೂ ಯೋಚಿಸತಕ್ಕ ವಿಷಯ.

ಸ್ನಾನದ ಸಾಬೂನಿಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 2888 ಮಾನಕವಿದೆ. ಒಟ್ಟು ಕೊಬ್ಬಿನಾಂಶ ಕನಿಷ್ಠ ಶೇ. 76 ಇದ್ದರೆ ಮೊದಲ ದರ್ಜೆ, ಶೇ. 70 ಇದ್ದರೆ ಎರಡನೆಯ ದರ್ಜೆ, ಶೇ. 60 ಇದ್ದರೆ ಮೂರನೆಯ ದರ್ಜೆ. ಶೀತ ವಿಧಾನದ ಸಾಬೂನಿನಲ್ಲಿ ಗ್ಲಿಸರಿನ್ ಮತ್ತು ನೀರು ಉಳಿದಿರುವುದರಿಂದ ಮೊದಲ ದರ್ಜೆ ಸುಲಭಸಾಧ್ಯವಲ್ಲ. ಪ್ರಯೋಗಾಲಯದ ವರದಿಯಿಲ್ಲದೆ ದರ್ಜೆಯನ್ನು ಹೇಳಿಕೊಳ್ಳಬಾರದು. ಬಿಲ್ಲೆ ಒಣಗುತ್ತಾ ತೂಕ ಕಳೆದುಕೊಳ್ಳುವುದರಿಂದ ನಿವ್ವಳ ತೂಕವನ್ನು ಹದಗೊಂಡ ನಂತರವೇ ನಿರ್ಧರಿಸಬೇಕು. 2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸಾಬೂನಿನ ಬಿಲ್ಲೆಗಳ ಮೇಲಿನ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿದಿರುವುದನ್ನು ಬೆಲೆ ನಿಗದಿಯಲ್ಲಿ ಗಮನಿಸಬೇಕು.

ಹೆಸರಿನ ವಿಷಯದಲ್ಲಿಯೂ ಎಚ್ಚರ ಬೇಕು. ಮೈಸೂರು ಸ್ಯಾಂಡಲ್ ಸಾಬೂನಿಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಅದನ್ನು ಹೋಲುವ ಹೆಸರನ್ನು ಇತರರು ಬಳಸುವುದು ವಿವಾದಕ್ಕೆ ದಾರಿ. ಕೃತಕ ಗಂಧದ ತೈಲವನ್ನು ಹಾಕಿ ಶ್ರೀಗಂಧದ ಎಣ್ಣೆಯ ಸಾಬೂನೆಂದು ಚೀಟಿ ಅಂಟಿಸುವುದು ಗ್ರಾಹಕರಿಗೆ ಮಾಡುವ ವಂಚನೆ. ಶ್ರೀಗಂಧದ ಪರಿಮಳವುಳ್ಳ ಸಾಬೂನು ಎಂದು ಇದ್ದುದನ್ನು ಇದ್ದಂತೆ ಬರೆಯುವುದೇ ಲೇಸು.

ಉಪಸಂಹಾರ

ಶೀತ ವಿಧಾನದ ಸಾಬೂನಿನಲ್ಲಿ ಸುಗಂಧವು ಅಲಂಕಾರ ಮಾತ್ರವಲ್ಲ. ಅದು ಸಾಬೂನಿನ ರಸಾಯನದಲ್ಲಿ ಪಾಲುಗೊಳ್ಳುವ ವಸ್ತು. ದಾಖಲೆಯುಳ್ಳ ತೈಲ, ಸಿದ್ಧ ಸಾಬೂನಿನ ತೂಕದ ಮೇಲೆ ಮಾಡಿದ ಲೆಕ್ಕ, ಚಿಕ್ಕ ಪರೀಕ್ಷಾ ತಯಾರಿ ಹಾಗೂ ಕ್ರಮಬದ್ಧ ಪರವಾನಗಿ: ಈ ನಾಲ್ಕನ್ನು ಪಾಲಿಸುವ ಸಣ್ಣ ಉದ್ಯಮಿಗೆ ನಷ್ಟದ ಭಯ ಬಹುಮಟ್ಟಿಗೆ ತಗ್ಗುತ್ತದೆ. ಶತಮಾನದ ಹಿಂದೆ ಈ ನಾಡಿನಲ್ಲಿ ಸಾಬೂನಿನ ಉದ್ಯಮ ನೆಲೆಗೊಂಡದ್ದು ಕಚ್ಚಾವಸ್ತುವಿನ ಜೊತೆಗೆ ಪ್ರಯೋಗಾಲಯದ ಶಿಸ್ತೂ ಸೇರಿದ್ದರಿಂದ. ಮನೆಯ ಮೇಜಿನ ಮೇಲೆ ಗ್ರಾಂ ತಕ್ಕಡಿ ಮತ್ತು ದಾಖಲೆ ಪುಸ್ತಕವನ್ನಿಟ್ಟುಕೊಂಡು ಕೆಲಸ ಆರಂಭಿಸುವವರು ಅದೇ ಶಿಸ್ತನ್ನು ಚಿಕ್ಕ ಪ್ರಮಾಣದಲ್ಲಿ ಮುಂದುವರಿಸಬಲ್ಲರು.